ಮೂರನೆಯ ಸೀಟಿ

ಬಂಡೆದೊಡ್ಡಿ, ಕನಕಪುರ ತಾಲ್ಲೂಕು
12 ಫೆಬ್ರವರಿ 2024

ಅಣ್ಣನಿಗೆ,

ಹೋದ ನವೆಂಬರಿನ ಪಂಚಾಯಿತಿ ಸಭೆಯಲ್ಲಿ, ನಮ್ಮೂರ ಅಂಗನವಾಡಿಯ ಬೆನ್ನಿಗಿರುವ ಒಕ್ಕಣೆ ಬಂಡೆಯನ್ನು ಕ್ವಾರಿಗೆ ಕೊಡಲು ಅಭ್ಯಂತರವಿಲ್ಲವೆಂದು ನೀನು ಅಧ್ಯಕ್ಷನ ಕುರ್ಚಿಯಲ್ಲಿ ಕುಳಿತು ಸಹಿ ಹಾಕಿದೆ. ಬಂಡೆದೊಡ್ಡಿಯ ಒಬ್ಬರನ್ನೂ ಕೇಳಲಿಲ್ಲ. ಸಂಕ್ರಾಂತಿ ಕಳೆದ ವಾರ ಮದ್ದು ತುಂಬಿದ ಮೊದಲ ಕುಳಿ ಸಿಡಿದಾಗಲೇ ನಮಗೆ ಸುದ್ದಿ ಗೊತ್ತಾದದ್ದು.

ಫೋನು ಬಿಟ್ಟು ಕಾಗದ ಬರೆಯುತ್ತಿದ್ದೇನೆಂದು ನಗಬೇಡ. ಫೋನು ಮಾಡಿದಾಗಲೆಲ್ಲ ‘ಮೀಟಿಂಗ್‌ನಲ್ಲಿವ್ನಿ ಕಣವ್ವ’ ಅಂದೆ. ಅದೂ ಅಲ್ಲದೆ, ಫೋನಿನಲ್ಲಿ ಆಡಿದ್ದು ನಿನಗೆ ನೆನಪಿರುವುದಿಲ್ಲ, ನನಗೆ ಮರೆಯುವುದಿಲ್ಲ. ಇಬ್ಬರಿಗೂ ಬರೆದದ್ದೇ ಕ್ಷೇಮ. ಬಾಯಲ್ಲಿ ಹೇಳಿದ್ದು ಜಗಳವಾಗುತ್ತದೆ, ಬರೆದದ್ದು ಅರ್ಜಿಯಾಗುತ್ತದೆ ಅಂತ ಅಪ್ಪ ಹೇಳುತ್ತಿದ್ದರಲ್ಲ. ಊರಿನ ಅರ್ಧ ಅರ್ಜಿಗಳನ್ನು ಬರೆದುಕೊಟ್ಟ ಮೇಷ್ಟ್ರು ಅವರು.

ಆ ಬಂಡೆಯ ಮೇಲೆ ಸುತ್ತಿನ ಊರಿನವರೆಲ್ಲ ರಾಗಿ ಒಕ್ಕುತ್ತಿದ್ದರು. ನಾವೂ ನಮ್ಮ ಅರಳಿದೊಡ್ಡಿಯಿಂದ ಗಾಡಿ ಕಟ್ಟಿಕೊಂಡು ಇಲ್ಲಿಗೇ ಬರುತ್ತಿದ್ದೆವು. ನೀನು ಎಂಟನೇ ಕ್ಲಾಸಿನಲ್ಲಿದ್ದಾಗ ನೆತ್ತಿಯಿಂದ ಜಾರಿ ಚಡ್ಡಿ ಹರಿದುಕೊಂಡು, ಗೋಣಿಚೀಲ ಸುತ್ತಿಕೊಂಡು ಗಾಡಿಯಲ್ಲಿ ಕುಳಿತಿದ್ದೆ. ಯಾರಿಗೂ ಹೇಳಬೇಡವೆಂದು ನನಗೆ ಅರ್ಧ ಸೀಬೆಹಣ್ಣು ಕೊಟ್ಟಿದ್ದೆ. ಹೇಳಿರಲಿಲ್ಲ. ಈಗ ಚಡ್ಡಿಯೂ ಇಲ್ಲ, ಬಂಡೆಯೂ ಉಳಿಯುವುದಿಲ್ಲ, ಹೇಳಿದರೇನು?

ಇರಲಿ. ನಿನ್ನ ಸೊಸೆಯ ವಿಷಯ ಬರೆಯುತ್ತೇನೆ. ಚೈತನ್ಯಳಿಗೆ ಎರಡೂವರೆ ವರ್ಷವಾಯಿತು. ಅವಳ ಹುಟ್ಟುಹಬ್ಬಕ್ಕೆ ಚನ್ನಪಟ್ಟಣದಿಂದ ನೀನು ತಂದ ಮರದ ಬಳೆಗಳ ಗೋಪುರವೇ ಈಗ ಅವಳ ಲೋಕ. ಮೊದಲು ಕೈಗೆ ಸಿಕ್ಕ ಬಳೆಯನ್ನು ಕಡ್ಡಿಗೆ ತೂರಿಸುತ್ತಿದ್ದಳು. ಈಗ ಎಲ್ಲವನ್ನೂ ನೆಲಕ್ಕೆ ಸುರಿದು, ದೊಡ್ಡದನ್ನು ಹುಡುಕಿ ಕೆಳಗೆ ಹಾಕಿ, ಅದಕ್ಕಿಂತ ಚಿಕ್ಕದನ್ನು ಆರಿಸುತ್ತಾಳೆ. ಆರಿಸುವಾಗ ನಾಲಿಗೆ ತುದಿ ಹೊರಗಿರುತ್ತದೆ. ಈಚೆಗೆ ಕಡ್ಡಿಯನ್ನೂ ಬಿಟ್ಟು ಬರೀ ಬಳೆಗಳನ್ನೇ ಒಂದರ ಮೇಲೊಂದು ನಿಲ್ಲಿಸಲು ಕಲಿತಳು. ಮಧ್ಯಾಹ್ನ ಕ್ವಾರಿಯ ಸದ್ದಿಗೆ ನೆಲ ಅದುರಿ ಗೋಪುರ ಬೀಳುತ್ತದೆ. ಮೊದಮೊದಲು ಅತ್ತಳು. ಈಗ ಅಳುವುದಿಲ್ಲ. ನಮ್ಮತ್ತೆ ಕೆಂಚಮ್ಮ ಹೇಳುವ ಪ್ರಕಾರ, ಸದ್ದು ಆಗುವ ತನಕ ಬಳೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಗೋಡೆಗೊರಗಿ ಕಾಯುತ್ತಾಳೆ. ಸದ್ದಾದ ಮೇಲೆ ಕಟ್ಟಲು ಶುರು.

ತಾಯಂದಿರು ಮಕ್ಕಳು ಏನೇನು ಕಲಿತವೆಂದು ಹೆಮ್ಮೆಯಿಂದ ಬರೆಯುತ್ತಾರೆ. ನನ್ನ ಮಗಳು ಕಟ್ಟುವ ಮೊದಲು ಕಾಯಲು ಕಲಿತಿದ್ದಾಳೆ. ಇದಕ್ಕೆ ಹೆಮ್ಮೆ ಪಡಲೋ ಬೇಡವೋ, ನೀನೇ ಹೇಳು.

ನಿನ್ನ ಪ್ರೀತಿಯ ತಂಗಿ,
ಸುಮನಾ


ಅರಳಿದೊಡ್ಡಿ
25 ಫೆಬ್ರವರಿ 2024

ಸುಮಿ,

ನಂಗೆ ನಿನ್ನಂಗೆ ಬರೆಯೋಕೆ ಬರಲ್ಲ, ಮಾತಾಡ್ದಂಗೆ ಬರೀತೀನಿ. ನಿನ್ ಕಾಗ್ದಾನ ಪೋಸ್ಟ್‌ಮ್ಯಾನ್ ನರಸಯ್ಯ ಟೀ ಅಂಗ್ಡಿ ಮುಂದೆ, ಹತ್ತ್ ಜನ ಇದ್ದಾಗ ಕೊಟ್ಟ. ‘ಏನ್ ಅಧ್ಯಕ್ಷರೇ, ತಂಗೀರೇ ನೋಟೀಸ್ ಕಳ್ಸೌರೆ’ ಅಂದ. ಎಲ್ರೂ ಹಲ್ಲು ಬಿಟ್ರು. ನಾಲ್ಕ್ ಮೈಲಿ ದೂರದಾಗಿರೋ ಅಣ್ಣಂಗೆ ಯಾರಾದ್ರೂ ಸ್ಟಾಂಪ್ ಅಂಟುಸ್ತಾರೇನೇ?

ಆ ಬಂಡೆ ಸರ್ಕಾರದ್ದು. ನಮ್ ತಾತನ ಆಸ್ತಿ ಅಲ್ಲ. ನಾನ್ ಬ್ಯಾಡ ಅಂದಿದ್ರೂ ಮೇಲ್ನಿಂದ ಬಂದೇ ಬರೋದು. ಬರೋದೇ ಆದ್ರೆ ನಮ್ಗೆ ಒಸಿ ಅನುಕೂಲ ಆಗ್ಲಿ ಅಂತ ಒಪ್ಕಂಡೆ. ನಿಮ್ಮೂರ್ ಹುಡುಗ್ರು ಬೆಳಿಗ್ಗೆ ಎದ್ದು ಬೆಂಗ್ಳೂರು ಬಸ್ಸಿಗೆ ನೇತಾಕ್ಕೊಂಡು ಹೋಗೋದು ತಪ್ಪೈತೆ. ಅದ್ನ್ಯಾಕೆ ಬರೀಲಿಲ್ಲ?

ಸಿಡ್ಸೋ ಹೊತ್ತು ಹನ್ನೆರಡೂವರೆ ಅಂತ ಮಾಡ್ಸಿದ್ದೂ ನಾನೇ. ಅವ್ರು ಬೆಳಿಗ್ಗೆ ಅಂದಿದ್ರು. ನಾನ್ ಬಿಡ್ಲಿಲ್ಲ. ಉಣ್ಣೋ ಹೊತ್ಗೆ ಹೊಲದಾಗಿರೋರು ಮನೆ ಸೇರಿರ್ತಾರೆ, ದನ ನೆಳ್ಳಾಗಿರ್ತವೆ. ಮೂರ್ ಸೀಟಿ ಊದ್ದೆ ಒಂದ್ ಕುಳೀನೂ ಸಿಡುಸ್ಬಾರ್ದು ಅಂತ ಬರೆಸ್ಕಂಡಿವ್ನಿ. ಒಂದ್ನೇ ಸೀಟಿ ಎಚ್ಚರ ಆಗಕ್ಕೆ, ಎರಡ್ನೇದು ಒಳೀಕ್ ಹೋಗಕ್ಕೆ, ಮೂರ್ನೇದು ಬಾಗ್ಲು ಹಾಕ್ಕೊಳ್ಳಕ್ಕೆ. ಇಷ್ಟು ಮಾಡಿರೋ ಅಧ್ಯಕ್ಷ ಈ ತಾಲ್ಲೂಕಲ್ಲಿ ಯಾರೌರೆ, ತೋರ್ಸು.

ಇನ್ನೊಂದ್ ವಿಷ್ಯ. ಅಪ್ಪನ ಸಾವಾಯ್ತು ಅಂತ ಕೂಸಿನ್ ಕಿವಿ ಚುಚ್ಸೋದು ನಿಂತೋಯ್ತು. ಮೂರ್ನೇ ವರ್ಷದಾಗಾದ್ರೂ ಮಾಡುವ. ಸ್ವಾದರಮಾವ ನಾನೇ, ನನ್ ತೊಡೆ ಮ್ಯಾಲೇ ಕೂರ್ಬೇಕು. ಓಲೆ ನಾನ್ ಮಾಡುಸ್ತೀನಿ. ಅಮ್ಮ ದಿನಾ ಕೇಳ್ತಾಳೆ.

ಬಾಲರಾಜು ಭಾವಂಗೆ ಕೇಳ್ದೆ ಅಂತ ಹೇಳು.

ನಿಮ್ಮಣ್ಣ,
ದೇವರಾಜ


ಬಂಡೆದೊಡ್ಡಿ
8 ಜುಲೈ 2024

ಅಣ್ಣನಿಗೆ,

ಹೊಲದವರು ಮನೆ ಸೇರಿರುತ್ತಾರೆ, ದನ ನೆರಳಿನಲ್ಲಿರುತ್ತವೆ ಎಂದು ಬರೆದಿದ್ದೆ. ಹನ್ನೆರಡೂವರೆಗೆ ಅಂಗನವಾಡಿಯ ಮಕ್ಕಳು ಎಲ್ಲಿರುತ್ತವೆ ಎಂದು ಆ ದಿನ ಯಾರಿಗೂ ಹೊಳೆಯಲಿಲ್ಲವೇ? ಅವು ಬಂಡೆಯ ಬುಡದ ಜಗುಲಿಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಕುಳಿತಿರುತ್ತವೆ. ದನವನ್ನೂ ಲೆಕ್ಕಕ್ಕೆ ತೆಗೆದುಕೊಂಡಿರಿ, ಮಕ್ಕಳನ್ನು ಮರೆತಿರಿ. ವೋಟಿಲ್ಲವೆಂದಲ್ಲ ಬಿಡು, ದನಕ್ಕೂ ಇಲ್ಲವಲ್ಲ.

ಜೂನ್ ತಿಂಗಳಿಂದ ಚೈತನ್ಯಳೂ ಅಲ್ಲಿಗೇ ಹೋಗುತ್ತಾಳೆ. ನಾನು ಕನಕಪುರದ ಶಾಲೆಗೆ ಬೆಳಿಗ್ಗೆಯ ಬಸ್ಸು ಹಿಡಿಯಬೇಕು. ಅತ್ತೆಗೆ ಮಂಡಿನೋವು, ಇವಳ ಹಿಂದೆ ಓಡಲಾರರು. ಮೂರು ತುಂಬದಿದ್ದರೂ ಕಾರ್ಯಕರ್ತೆ ಮುನಿರತ್ನಮ್ಮ ಸೇರಿಸಿಕೊಂಡಳು. ಸಹಾಯಕಿಯ ಹುದ್ದೆ ಖಾಲಿ ಬಿದ್ದು ಎರಡು ವರ್ಷವಾದವು. ಅಡುಗೆ, ಪಾಠ, ಮೂಗು ಒರೆಸುವುದು ಎಲ್ಲ ಅವಳೊಬ್ಬಳೇ.

ನಿನ್ನ ಮೂರು ಸೀಟಿಯನ್ನು ಅವಳು ಮಕ್ಕಳಿಗೆ ಆಟದ ಹಾಗೆ ಕಲಿಸಿದ್ದಾಳೆ. ಒಂದನೇ ಸೀಟಿಗೆ ತುತ್ತು ಕೆಳಗಿಡಬೇಕು. ಎರಡನೆಯದಕ್ಕೆ ಎದ್ದು ಒಳಕೋಣೆಗೆ ಸಾಲಾಗಿ ಹೊರಡಬೇಕು, ತೀರ ಚಿಕ್ಕವನ್ನು ಅವಳು ಎತ್ತಿ ಒಳಗೆ ಬಿಡುತ್ತಾಳೆ. ಆ ಕೋಣೆಗೆ ಮಾತ್ರ ಕಾಂಕ್ರೀಟಿನ ಮೋಲ್ಡ್ ಇದೆ. ಮೂರನೆಯದು ಬರುವಷ್ಟರಲ್ಲಿ ಬಾಗಿಲು ಹಾಕಿರುತ್ತದೆ. ಶನಿವಾರ ನಾನೇ ನಿಂತು ನೋಡಿದೆ. ಒಂದು ಮಗುವೂ ತಳ್ಳಾಡಲಿಲ್ಲ. ನನ್ನ ಏಳನೇ ತರಗತಿಯವರು ಬೆಲ್ಲು ಹೊಡೆದರೆ ಇಷ್ಟು ಶಿಸ್ತಾಗಿ ಏಳುವುದಿಲ್ಲ.

ನಿನ್ನ ಸೊಸೆ ಎಣಿಸಲು ಕಲಿತದ್ದು ಹೀಗೆ. ಮೊದಲ ಸೀಟಿಗೆ ಒಂದು ಬೆರಳು ಮಡಿಸಿ ‘ಒಂದು’ ಅನ್ನುತ್ತಾಳೆ. ಎರಡನೆಯದಕ್ಕೆ ‘ಎಯಡು’. ಮೂರನೆಯದಕ್ಕೆ ‘ಮೂಉ’. ಆಮೇಲೆ ಎರಡೂ ಕೈ ಕಿವಿಗೆ. ಇನ್ನೂ ಒಂದು ಉಪಾಯ ಅವಳೇ ಕಂಡುಕೊಂಡಿದ್ದಾಳೆ. ಸಿಡಿತಕ್ಕೆ ಜಗುಲಿಯ ಹೆಂಚಿನಿಂದ ಮಣ್ಣು ಉದುರಿ ಅನ್ನಕ್ಕೆ ಬೀಳುತ್ತದೆ. ಮೊದಲು ತಟ್ಟೆಯನ್ನು ಅಂಗೈಯಿಂದ ಮುಚ್ಚುತ್ತಿದ್ದಳಂತೆ. ಆದರೆ ಕೈ ತಟ್ಟೆಯ ಮೇಲಿದ್ದರೆ ಒಳಗೆ ಹೋಗುವಂತಿಲ್ಲ, ಕಿವಿಗೂ ಕೈಯಿಲ್ಲ. ಎರಡು ದಿನ ಯೋಚಿಸಿದಳೆಂದು ಮುನಿರತ್ನಮ್ಮ ನಗುತ್ತಾಳೆ. ಮೂರನೇ ದಿನ ಪಕ್ಕದ ಖಾಲಿ ತಟ್ಟೆ ತಂದು ತನ್ನದರ ಮೇಲೆ ಬೋರಲು ಹಾಕಿದಳು. ಈಗ ಎರಡನೇ ಸೀಟಿಗೂ ಮೂರನೆಯದಕ್ಕೂ ನಡುವೆ ಅವಳಿಗೆ ಅದೇ ಕೆಲಸ. ಮುಚ್ಚಿ, ಒಮ್ಮೆ ತಟ್ಟಿ ನೋಡಿ, ಒಳಗೆ ಓಡುತ್ತಾಳೆ.

‘ಭಾರೀ ಕಿಲಾಡಿ ಕಣಮ್ಮ ನಿನ್ ಮಗ್ಳು’ ಎಂದಳು ಮುನಿರತ್ನಮ್ಮ. ಹೌದು. ಆದರೆ ಈ ಬುದ್ಧಿಯೆಲ್ಲ ಯಾವುದಕ್ಕೆ ಖರ್ಚಾಗುತ್ತಿದೆ ನೋಡು.

ನಿನ್ನ ಭಾವ ಹಿಪ್ಪುನೇರಳೆ ಸೊಪ್ಪನ್ನು ತೊಳೆದು ಒರೆಸಿ ಹುಳುಗಳಿಗೆ ಹಾಕುತ್ತಿದ್ದಾರೆ. ದೂಳು ತಿಂದ ಹುಳು ಗೂಡು ಕಟ್ಟುವುದಿಲ್ಲ. ‘ಅಣ್ಣ ತಂಗಿ ಮಧ್ಯೆ ನಾನ್ಯಾಕೆ’ ಎನ್ನುವುದನ್ನು ಬಿಟ್ಟು ಅವರು ಬೇರೇನೂ ಹೇಳುವುದಿಲ್ಲ. ಹುಳುಗಳು ಅದನ್ನೂ ಹೇಳುವುದಿಲ್ಲ.

ಹೊತ್ತು ಬದಲಾಯಿಸು. ಸಂಜೆ ನಾಲ್ಕರ ಮೇಲೆ ಮಕ್ಕಳು ಮನೆಗೆ ಹೋಗಿರುತ್ತವೆ. ಅಷ್ಟಾದರೂ ಮಾಡು.

ನಿನ್ನ ತಂಗಿ,
ಸುಮನಾ


ಅರಳಿದೊಡ್ಡಿ
28 ಆಗಸ್ಟ್ 2024

ಸುಮಿ,

ಹೊತ್ತಿನ ವಿಷ್ಯ ಕ್ವಾರಿಯೋರ್ ಹತ್ರ ಮಾತಾಡ್ದೆ. ಸಂಜೆ ಲೋಡಿಂಗ್ ಇರ್ತದಂತೆ, ಆಗಲ್ಲ ಅಂದ್ರು. ಆದ್ರೆ ಮಣ್ಣು ಉದುರ್ತದೆ ಅಂದ್ಯಲ್ಲ, ಅದ್ಕೆ ದಾರಿ ಮಾಡಿವ್ನಿ. ಅಂಗನವಾಡಿ ಜಗುಲಿಗೆ ಹೆಂಚು ತೆಗ್ಸಿ ಹೊಸ ಶೀಟು ಹಾಕುಸ್ತಾರೆ, ಅವ್ರ ಖರ್ಚಲ್ಲೇ. ಇನ್ಮ್ಯಾಲೆ ನನ್ ಸೊಸೆ ಅನ್ನಕ್ಕೆ ಒಂದ್ ಕಾಳ್ ಮಣ್ಣೂ ಬೀಳಲ್ಲ.

ಗೌರಿ ಹಬ್ಬಕ್ಕೆ ಬರ್ಲೇಬೇಕು. ಅಮ್ಮ ಬಾಗಿನದ ಮೊರ ಆಗ್ಲೇ ತರ್ಸವ್ಳೆ. ಜಗಳ ಇದ್ರೆ ಊಟ ಆದ್ಮ್ಯಾಲೆ ಆಡುವ. ಕೂಸ್ನ ಕರ್ಕಂಡ್ ಬಾ, ಅವ್ಳ ಎಣಿಕೆ ಕೇಳ್ಬೇಕು ನಾನು.

ನಿಮ್ಮಣ್ಣ,
ದೇವರಾಜ


ಬಂಡೆದೊಡ್ಡಿ
9 ಸೆಪ್ಟೆಂಬರ್ 2024

ಅಣ್ಣನಿಗೆ,

ಬಾಗಿನ ಮನೆಗೆ ತಂದೆ. ಸೀರೆ ಚೆನ್ನಾಗಿದೆ. ಅಮ್ಮನಿಗೆ ಹೇಳು.

ಹಬ್ಬದ ಮನೆಯಲ್ಲಿ ಜಗಳ ಬೇಡವೆಂದು ಸುಮ್ಮನೆ ಬಂದೆ. ಈಗ ಬರೆಯುತ್ತೇನೆ. ಊಟವಾದ ಮೇಲೆ ಅಂಗಳದಲ್ಲಿ ನಿನ್ನ ಜನರೆಲ್ಲ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಕ್ವಾರಿಯ ಮಾಲೀಕನೂ ಕುರ್ಚಿಯಲ್ಲಿ ಕುಳಿತಿದ್ದ. ನೀನು ಚೈತನ್ಯಳನ್ನು ಭುಜದ ಮೇಲೆ ಕೂರಿಸಿಕೊಂಡು ನಡುವೆ ನಿಂತೆ.

‘ಎಲ್ಲಿ ಬಂಗಾರಿ, ಎಣ್ಸು ನೋಡುವ’ ಎಂದೆ.

‘ಒಂದು, ಎಯಡು, ಮೂಉ’ ಎಂದವಳು ಕಿವಿಯ ಮೇಲೆ ಕೈಯಿಟ್ಟು ‘ಢಂ’ ಎಂದಳು.

ಎಲ್ಲರೂ ನಕ್ಕರು. ಮತ್ತೆ ಹೇಳಿಸಿದೆ. ಮತ್ತೆ ನಕ್ಕರು. ‘ಲೇ, ಮೂರಾದ್ಮ್ಯಾಲೆ ನಾಲ್ಕಲ್ವೇನ್ಲಾ’ ಅಂತ ಯಾರೋ ಕೂಗಿದ್ದಕ್ಕೆ, ‘ನಿಂದು ನಾಲ್ಕು, ನನ್ ಸೊಸೇದು ಢಂ! ಅವ್ಳ ಲೆಕ್ಕ ಯಾವತ್ತೂ ತಪ್ಪಲ್ಲ ಕಣ್ರಲಾ’ ಎಂದೆ. ಮಾಲೀಕ ಜೇಬಿನಿಂದ ಚಾಕಲೇಟು ತೆಗೆದು ಕೊಟ್ಟ. ಅವಳು ಅದನ್ನು ತೆಗೆದುಕೊಳ್ಳಲು ಕಿವಿಯಿಂದ ಒಂದೇ ಕೈ ತೆಗೆದಳು. ಇನ್ನೊಂದು ಕೈ ಅಲ್ಲೇ ಇತ್ತು. ಅದನ್ನು ನೀನು ನೋಡಿದೆಯಾ? ಅವಳಿಗೆ ಅದು ಆಟವಲ್ಲ, ಅಣ್ಣ. ಮೂರು ಎಂದ ಮೇಲೆ ಬರಬೇಕಾದದ್ದು ನಿಜವಾಗಿಯೂ ಬರುತ್ತದೆಂದು ಕಾಯುತ್ತಿದ್ದಳು.

ಮುನಿರತ್ನಮ್ಮ ಕಡಲೆಬೀಜ ಹರವಿ ನಾಲ್ಕು ಕಲಿಸಲು ನೋಡಿದಳು. ನಾನೂ ನೋಡಿದೆ. ಮೂರು ಬೀಜ ಎಣಿಸಿ, ಉಳಿದವನ್ನು ಅಂಗೈಯಿಂದ ಮುಚ್ಚಿಬಿಡುತ್ತಾಳೆ. ನಿನ್ನ ಕ್ವಾರಿ ನನ್ನ ಮಗಳ ಲೆಕ್ಕದಿಂದ ನಾಲ್ಕನ್ನು ಕಿತ್ತುಕೊಂಡಿದೆ.

ಹೊಸ ಶೀಟು ಬಂತು. ನೀಲಿ ಬಣ್ಣ. ಅಂಚಿನಲ್ಲಿ ದಾನಿಗಳ ಹೆಸರನ್ನು ಅಂಗನವಾಡಿಯ ಹೆಸರಿಗಿಂತ ದೊಡ್ಡದಾಗಿ ಬರೆಸಿದ್ದಾರೆ. ಮಣ್ಣು ಉದುರುವುದು ನಿಂತಿದೆ. ಚೈತನ್ಯ ಮಾತ್ರ ತಟ್ಟೆ ಮುಚ್ಚುವುದನ್ನು ಬಿಟ್ಟಿಲ್ಲ. ಹೆಂಚು ಮಣ್ಣನ್ನು ಉದುರಿಸುತ್ತಿತ್ತು ನಿಜ. ಆದರೆ ಹೆಂಚಿನ ಕೆಳಗೆ ಅಪ್ಪನ ಕಾಲದ ತೇಗದ ತೊಲೆಗಳಿದ್ದವು. ಅವನ್ನೂ ತೆಗೆದಿದ್ದಾರೆ. ಎಲ್ಲಿಗೆ ಹೋದವೆಂದು ಕೇಳುವುದಿಲ್ಲ. ಈ ಶೀಟು ಬಿಸಿಲನ್ನು ತಡೆಯುತ್ತದೆ, ಕಲ್ಲನ್ನು ತಡೆಯುವುದಿಲ್ಲ ಎಂಬುದನ್ನು ಮಾತ್ರ ಬರೆದಿಡುತ್ತಿದ್ದೇನೆ.

ಕಿವಿ ಚುಚ್ಚಿಸುವ ಮಾತು ಈಗ ಬೇಡ. ಆ ಕಿವಿಗಳಿಗೆ ಸದ್ಯಕ್ಕೆ ಸಾಕಷ್ಟು ಆಗಿದೆ.

ನಿನ್ನ ತಂಗಿ,
ಸುಮನಾ


ಬಂಡೆದೊಡ್ಡಿ
1 ಡಿಸೆಂಬರ್ 2024

ದೇವರಾಜಣ್ಣನಿಗೆ,

ಹತ್ತು ದಿನವಾಯಿತು. ನೀನು ಈ ಕಡೆ ಬಂದಿಲ್ಲ. ಅದಕ್ಕೆ ಮತ್ತೆ ಬರೆಯುತ್ತಿದ್ದೇನೆ.

ನವೆಂಬರ್ 21ರ ಗುರುವಾರ ನಾನು ಶಾಲೆಯಲ್ಲಿದ್ದೆ. ಸುದ್ದಿ ಬಂದು, ಆಟೋ ಹಿಡಿದು, ಊರು ಮುಟ್ಟುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಜಗುಲಿಯ ನೀಲಿ ಶೀಟಿನಲ್ಲಿ ಆಳುದ್ದದ ಹರಕು. ಕೆಳಗೆ ಕಲ್ಲು. ಮಗುವಿನ ತಟ್ಟೆ ಬೋರಲಾದ ಇನ್ನೊಂದು ತಟ್ಟೆಯ ಕೆಳಗೆ ಹಾಗೇ ಇತ್ತು. ತೆಗೆದು ನೋಡಿದೆ. ಅನ್ನಸಾಂಬಾರಿನಲ್ಲಿ ಒಂದು ಹರಳೂ ಇರಲಿಲ್ಲ.

ಉಳಿದದ್ದನ್ನು ಮುನಿರತ್ನಮ್ಮ ಆಸ್ಪತ್ರೆಯ ಮಂಚದ ಮೇಲಿಂದ ಹೇಳಿದಳು. ಅವಳು ಹೇಳಿದಂತೆಯೇ ಬರೆಯುತ್ತೇನೆ.

‘ಎಲ್ಡ್ನೇ ಸೀಟಿಗೆ ನಾನು ಮಕ್ಳ ಒಳೀಕ್ ಬುಡ್ತಿದ್ದೆ ಕಣಮ್ಮ. ನಿನ್ ಮಗ್ಳು ಯಾವತ್ನಂಗೆ ತಟ್ಟೆ ಮುಚ್ತಿದ್ಲು. ಬಾರವ್ವ ಅಂತ ಕೈ ನೀಡ್ದೆ. ಇನ್ನೊಂದು ಸೀಟಿ ಐತಲ್ಲ, ಹೊತ್ತೈತೆ ಅಂದ್ಕಂಡೆ. ಮೂರ್ನೇದು ಬರ್ನೇ ಇಲ್ಲ. ಒಂದೇ ಸಲ ಸಿಡ್ದ್‌ಬುಡ್ತು. ಕೂಸಿನ್ ಮ್ಯಾಲೆ ಬಿದ್ದೆ ನಾನು. ಆಮ್ಯಾಕೆ ಹೆಗಲ ಮ್ಯಾಲೆ ಆಕಾಸ್ವೇ ಬಿತ್ತು.’

ಅವಳ ಬಲ ಹೆಗಲಿನ ಮೂಳೆ ಎರಡು ಕಡೆ ಮುರಿದಿದೆ. ಚೈತನ್ಯಳಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿಲ್ಲ.

ಮೊದಲು ಓಡಿ ಬಂದವನು ನೀನು. ಕ್ವಾರಿಯ ಶೆಡ್ಡಿನಲ್ಲಿ ಕುಳಿತಿದ್ದವನು ಚಪ್ಪಲಿಯನ್ನೂ ಬಿಟ್ಟು ಓಡಿ ಬಂದೆಯಂತೆ. ಮುನಿರತ್ನಮ್ಮನ ಅಡಿಯಿಂದ ಮಗುವನ್ನು ಎತ್ತಿಕೊಂಡೆ. ಅದಕ್ಕೆ ನಾನು ಬದುಕಿರುವವರೆಗೂ ಋಣಿ. ಆಗ ಮಗು ನಿನಗೆ ಹೇಳಿತು: ‘ಮಾವ, ಮೂಉ ಬರ್ಲಿಲ್ಲ.’ ನೀನು ಅವಳ ಬೆನ್ನು ಸವರುತ್ತಾ ಹೇಳಿದೆ: ‘ಹೂಂ ಕಣವ್ವ, ಬರ್ಲಿಲ್ಲ. ಅವ್ರ ಮನೆ ಹಾಳಾಗ, ಎರಡೇ ಊದಿದ್ದು.’ ನೆಲದ ಮೇಲೆ ಬಿದ್ದಿದ್ದ ಮುನಿರತ್ನಮ್ಮನಿಗೆ ಇದು ಕೇಳಿಸಿತು. ಮಂಡಿನೋವನ್ನೂ ಮರೆತು ಮನೆಯಿಂದ ಜಗುಲಿಯ ತನಕ ಬಂದ ಕೆಂಚಮ್ಮನಿಗೂ ಕೇಳಿಸಿತು. ಅಂದು ಸೀಟಿ ಊದುವವನು ರಜೆಯಲ್ಲಿದ್ದ, ಬೇರೆ ಯಾರನ್ನೋ ನಿಲ್ಲಿಸಿದ್ದರು ಎಂಬುದನ್ನೂ ನೀನೇ ಅಲ್ಲಿ ಹೇಳಿದೆ.

ಮಗುವಿನ ವಿಷಯ. ಕರೆದರೆ ತಿರುಗುವುದಿಲ್ಲ. ರಾಮನಗರಕ್ಕೆ ಕರೆದುಕೊಂಡು ಹೋಗಿ ಕಿವಿಯ ಡಾಕ್ಟರಿಗೆ ತೋರಿಸಿದೆವು. ಯಂತ್ರವಿಟ್ಟು ಪರೀಕ್ಷೆ ಮಾಡಿದರು. ಕಿವಿ ಚೆನ್ನಾಗಿದೆಯಂತೆ. ‘ಕೇಳಿಸ್ತದೆ ಅಮ್ಮ. ಕೇಳಿಸಿಕೊಳ್ಳೋದು ಬೇಡ ಅಂತ ಮಗೂನೇ ಅಂದ್ಕೊಂಡಿರೋ ಹಾಗಿದೆ’ ಎಂದರು ಡಾಕ್ಟರು. ನನ್ನ ಮಗಳು ಕಲಿತ ಹೊಸ ವಿದ್ಯೆ ಇದು. ಎಣಿಕೆಯನ್ನೂ ತಿದ್ದಿಕೊಂಡಿದ್ದಾಳೆ. ಈಗ ‘ಒಂದು, ಎಯಡು, ಢಂ’.

ಐದನೇ ತಾರೀಖು ತಾಲ್ಲೂಕಿನಿಂದ ವಿಚಾರಣೆಗೆ ಬರುತ್ತಾರೆಂದು ಗೊತ್ತಾಯಿತು. ನಿನ್ನನ್ನು ಕೇಳುತ್ತಾರೆ. ನಾನು ಬೇರೇನೂ ಕೇಳುವುದಿಲ್ಲ. ಕ್ವಾರಿ ಮುಚ್ಚಿಸೆಂದೂ ಇವತ್ತು ಕೇಳುವುದಿಲ್ಲ. ಮಗುವಿಗೆ ಹೇಳಿದ್ದನ್ನೇ ಅವರಿಗೂ ಹೇಳು.

ಚೈತನ್ಯಳ ತಾಯಿ,
ಸುಮನಾ


ಅರಳಿದೊಡ್ಡಿ
14 ಡಿಸೆಂಬರ್ 2024

ಸುಮಿ,

ನಿಂಗೆ ಸುದ್ದಿ ಮುಟ್ಟಿರ್ತದೆ. ಕೋಪ ಮಾಡ್ಕಬ್ಯಾಡ, ಪೂರ್ತಿ ಓದು.

ಮೂರು ಅಂತ್ಲೇ ಹೇಳ್ದೆ. ಎರಡು ಅಂದಿದ್ರೆ ಅವತ್ತೇ ಲೈಸೆನ್ಸ್ ಹೋಗೋದು. ಒಪ್ಪಿಗೆ ಕೊಟ್ಟೋನು ನಾನು, ನನ್ ತಲೆ ಮೊದ್ಲು ಹೋಗೋದು. ನಿಮ್ಮೂರ್ ಹುಡುಗ್ರು ಮತ್ತೆ ಬಸ್ಸಿಗ್ ನೇತಾಕ್ಕಬೇಕು. ಅವ್ರ ಹೆಂಡ್ರು ಮಕ್ಳು ನಿನ್ ಮನೆ ಬಾಗ್ಲಿಗ್ ಬಂದ್ರೆ ಏನ್ ಹೇಳ್ತಿದ್ದೆ ನೀನು? ಪುಸ್ತಕ ಓದ್ದೋರಿಗೆ ನ್ಯಾಯ ಒಂದೇ ಕಾಣ್ತದೆ. ಕುರ್ಚೀಲಿ ಕೂತೋನಿಗೆ ನಲವತ್ತ್ ಮನೆ ಒಲೆ ಕಾಣ್ತದೆ.

ಮುನಿರತ್ನಮ್ಮನ್ನ ಕೆಲ್ಸದಿಂದ ತೆಗುದ್ರು ಅಂತ ಎಲ್ರೂ ನನ್ ಮ್ಯಾಲೆ ಬೀಳ್ತಾವ್ರೆ. ನಾನ್ ತೆಗೀಲಿಲ್ಲ. ಮೂರ್ ಸೀಟಿ ಆಗಿದ್ರೂ ಮಕ್ಳು ಜಗುಲೀಲಿದ್ರು ಅಂದ್ರೆ ಅವ್ಳ ನಿರ್ಲಕ್ಷ್ಯ ಅಂತ ಅವ್ರೇ ಬರ್ಕಂಡ್ರು. ಅದು ಆ ಕಡೆ ಹೋಯ್ತದೆ ಅಂತ ನಂಗ್ ಗೊತ್ತಿರ್ಲಿಲ್ಲ, ಅಮ್ಮನಾಣೆ. ಆಸ್ಪತ್ರೆ ಖರ್ಚು ಕ್ವಾರಿಯೋರೇ ಕೊಡ್ತಾವ್ರೆ. ಅಂಗನವಾಡಿ ಬೀಗ ಒಸಿ ದಿನ ಹಂಗೇ ಇರ್ಲಿ, ಆಮ್ಯಾಲೆ ಬೇರೆ ಕಡೆ ಜಾಗ ನೋಡುವ.

ನೀನು ಕೂಸಿನ್ ಮಾತು ಮಾತು ಅಂತೀಯ. ಮೂರ್ ವರ್ಷದ್ ಕೂಸು ಎಣ್ಸಿದ್ದು ಎಲ್ಲಾದ್ರೂ ಸಾಕ್ಷಿ ಆಯ್ತದಾ? ಅದುಕ್ಕೆ ನಾಲ್ಕೇ ಬರಲ್ಲ ಅಂತ ನೀನೇ ಹೇಳ್ದೆ.

ಓಲೆ ಮಾಡ್ಸಿವ್ನಿ. ಅಮ್ಮನ ಕೈಲಿ ಕಳ್ಸ್ತಾ ಇವ್ನಿ, ನೋಡು. ಸಂಕ್ರಾಂತಿ ಕಳ್ದ್ ಭಾನುವಾರ ನಮ್ ಮನೇಲೇ ಕಿವಿ ಚುಚ್ಸುವ. ಕೂಸು ನನ್ ತೊಡೆ ಮ್ಯಾಲೆ ಕೂತ್ರೆ ಎಲ್ಲಾ ಸರಿ ಆಯ್ತದೆ.

ನಿಮ್ಮಣ್ಣ,
ದೇವರಾಜ


ಬಂಡೆದೊಡ್ಡಿ
17 ಡಿಸೆಂಬರ್ 2024

ಅಮ್ಮ ಬಂದು ಎರಡು ದಿನ ಇದ್ದು ಹೋದಳು. ಓಲೆಯ ಡಬ್ಬಿಯನ್ನು ಅವಳ ಕೈಯಲ್ಲೇ ವಾಪಸು ಕಳಿಸಿದ್ದೇನೆ. ಚೈತನ್ಯ ಅದನ್ನು ತೆರೆದು ನೋಡಿ, ಮುಚ್ಚಳವನ್ನು ಸರಿಯಾಗಿ ಹಾಕಿ, ಒಮ್ಮೆ ತಟ್ಟಿ ಕೊಟ್ಟಳು.

ಸುಮನಾ


ಬಂಡೆದೊಡ್ಡಿ
10 ಜನವರಿ 2025

ಶ್ರೀ ಎಚ್. ದೇವರಾಜ್,
ಅಧ್ಯಕ್ಷರು, ಗ್ರಾಮ ಪಂಚಾಯಿತಿ, ಅರಳಿದೊಡ್ಡಿ, ಇವರಿಗೆ.

ಮಾನ್ಯರೇ,

ಇದನ್ನು ನಿಮ್ಮ ಮನೆಗೆ ಕಳಿಸುತ್ತಿಲ್ಲ. ಒಂದು ಪ್ರತಿಯನ್ನು ಪಂಚಾಯಿತಿ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಇನ್ನೊಂದನ್ನು ನರಸಯ್ಯನವರು ನೋಟೀಸು ಎಂದು ಕರೆದ ಅದೇ ಟೀ ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ಅಂಗಡಿಯವರು ಬೇಡವೆನ್ನಲಿಲ್ಲ. ತಾವೇ ಅಂಟು ಕೊಟ್ಟರು.

ನವೆಂಬರ್ 21ರಂದು ನಮ್ಮೂರ ಅಂಗನವಾಡಿಯ ಮೇಲೆ ಕ್ವಾರಿಯ ಕಲ್ಲು ಬಿತ್ತು. ಡಿಸೆಂಬರ್ 5ರಂದು ತಾವು, ಸ್ಫೋಟಕ್ಕೆ ಮೊದಲು ಮೂರು ಸೀಟಿ ಊದಲಾಗಿತ್ತು, ನಾನು ಸ್ವತಃ ಕೇಳಿದ್ದೇನೆ ಎಂದು ಹೇಳಿಕೆ ಕೊಟ್ಟಿರಿ. ಆ ಒಂದು ಸೀಟಿ ಕ್ವಾರಿಯನ್ನು ಉಳಿಸಿತು, ಅಂಗನವಾಡಿಗೆ ಬೀಗ ಹಾಕಿಸಿತು, ಮುನಿರತ್ನಮ್ಮನ ಕೆಲಸವನ್ನು ಕಿತ್ತುಕೊಂಡಿತು. ಯಾರೂ ಊದದ ಸೀಟಿ ಇಷ್ಟು ಕೆಲಸ ಮಾಡಿದ್ದನ್ನು ನಾನು ಎಲ್ಲಿಯೂ ಓದಿಲ್ಲ.

ನನ್ನ ಮಗಳ ಮೇಲೆ ಬೀಳಬೇಕಿದ್ದ ಕಲ್ಲನ್ನು ತನ್ನ ಹೆಗಲ ಮೇಲೆ ತೆಗೆದುಕೊಂಡವಳಿಗೆ ನಿರ್ಲಕ್ಷ್ಯ ಎಂಬ ಹೆಸರು ಬಂದಿದೆ. ಅವಳು ಈಗ ಎಡಗೈಯಲ್ಲಿ ತಲೆ ಬಾಚಿಕೊಳ್ಳುವುದನ್ನು ಕಲಿಯುತ್ತಿದ್ದಾಳೆ. ನೋಡಲು ಹೋದಾಗ, ‘ನಿಮ್ಮಣ್ಣ ಒಳ್ಳೇವ್ರೇ ಕಣಮ್ಮ, ಅವ್ರು ಅವತ್ತು ಮಗೀಗೆ ನಿಜ್ವೇ ಹೇಳಿದ್ರು’ ಎಂದಳು. ತಮ್ಮ ಪರವಾಗಿ ಈ ಊರಿನಲ್ಲಿ ಉಳಿದಿರುವ ಸಾಕ್ಷಿ ಅವಳೊಬ್ಬಳೇ.

ನಲವತ್ತು ಮನೆಗಳ ಒಲೆಯ ಮಾತನ್ನು ತಾವು ಆಡುತ್ತೀರಿ. ಆ ಮನೆಗಳ ಮಕ್ಕಳೂ ಅದೇ ಜಗುಲಿಯಲ್ಲಿ ಉಣ್ಣುತ್ತಿದ್ದವು. ಕ್ವಾರಿಯಲ್ಲಿ ದುಡಿಯುವ ಹುಡುಗರೇ ಬಂದು ನನಗೆ ಹೇಳಿದರು: ‘ಅಕ್ಕ, ನಾವೂ ಎಲ್ಡೇ ಕೇಳಿದ್ದು. ನಾವ್ ಬಾಯ್ ಬುಟ್ರೆ ನಾಳಿಂದ ಕೆಲ್ಸ ಇಲ್ಲ. ನೀವ್ ಬರೀರಿ.’ ಅದಕ್ಕೆ ಬರೆಯುತ್ತಿದ್ದೇನೆ. ಅವರ ಹೆಸರು ಕೇಳಬೇಡಿ.

ಮೂರು ವರ್ಷದ ಮಗುವಿನ ಎಣಿಕೆ ಸಾಕ್ಷಿಯಾಗುತ್ತದೆಯೇ ಎಂದು ತಾವು ಕೇಳಿದ್ದಿರಿ. ಅಂಗನವಾಡಿಗೆ ಬೀಗ ಬಿದ್ದಂದಿನಿಂದ ಚೈತನ್ಯ ಮನೆಯಲ್ಲಿದ್ದಾಳೆ. ಕೆಂಚಮ್ಮನ ಜೊತೆ ಅವರೆಕಾಯಿ ಸುಲಿಯುತ್ತಾಳೆ. ಈಚೆಗೆ ಕರೆದರೆ ತಿರುಗುತ್ತಾಳೆ, ಅಪ್ಪನ ದನಿಗೆ ಬೇಗ, ನನ್ನ ದನಿಗೆ ತಡವಾಗಿ. ಹೋದ ವಾರ ಕಾಳುಗಳನ್ನು ಸಾಲಾಗಿ ಇಡುತ್ತಾ ಮೂರಕ್ಕೆ ಬಂದು ನಿಂತಳು. ಕೈ ಕಿವಿಗೆ ಹೋಗುತ್ತದೆಂದುಕೊಂಡೆ. ಹೋಗಲಿಲ್ಲ. ಇನ್ನೊಂದು ಕಾಳು ಇಟ್ಟು, ನನ್ನ ಮುಖ ನೋಡಿ, ‘ನಾಕು’ ಎಂದಳು. ಈಗ ಹತ್ತರ ತನಕ ಹೋಗುತ್ತಾಳೆ. ಏಳನ್ನು ಒಮ್ಮೊಮ್ಮೆ ಬಿಟ್ಟುಬಿಡುತ್ತಾಳೆ. ಆದರೆ ಆ ದಿನ ಎಷ್ಟು ಸೀಟಿ ಬಂತೆಂದು ಯಾರೇ ಕೇಳಲಿ, ಯಾವ ಹೊತ್ತಿನಲ್ಲೇ ಕೇಳಲಿ, ಎರಡು ಬೆರಳನ್ನೇ ಎತ್ತುತ್ತಾಳೆ. ಹತ್ತು ಗೊತ್ತಿದ್ದರೂ ಎರಡನ್ನು ಮೂರು ಮಾಡುವುದು ಅವಳಿಗೆ ಬರುವುದಿಲ್ಲ. ಅದಕ್ಕೆ ಇನ್ನೂ ದೊಡ್ಡವಳಾಗಬೇಕು, ಅಧ್ಯಕ್ಷಳಾಗಬೇಕು.

ಇದೇ ತಿಂಗಳ 22ರ ಬುಧವಾರ ಗ್ರಾಮಸಭೆಯಿದೆ. ಚೈತನ್ಯಳನ್ನು ಕರೆತರುತ್ತೇನೆ. ಅವಳ ತಂದೆ ಬಾಲರಾಜು ಅವರೂ ಬರುತ್ತಾರೆ; ಅಣ್ಣ ತಂಗಿಯ ಮಧ್ಯೆ ನಾನ್ಯಾಕೆ ಎಂಬ ಮಾತನ್ನು ಅವರು ಬಿಟ್ಟಿದ್ದಾರೆ. ಮಗುವನ್ನು ಸಭೆಗೆ ಎಳೆದರೆಂದು ಯಾರೂ ಆಕ್ಷೇಪಿಸಬಾರದು. ಗೌರಿ ಹಬ್ಬದ ದಿನ ಅವಳನ್ನು ಭುಜದ ಮೇಲೆ ಹೊತ್ತು ಸಭೆಯ ನಡುವೆ ನಿಲ್ಲಿಸಿದವರು ತಾವು. ‘ಅವ್ಳ ಲೆಕ್ಕ ಯಾವತ್ತೂ ತಪ್ಪಲ್ಲ’ ಎಂದು ಹೇಳಿದವರೂ ತಾವೇ. ಅಂದು ನಕ್ಕವರೆಲ್ಲ ಬನ್ನಿರೆಂದು ಈ ಮೂಲಕ ಕರೆಯುತ್ತಿದ್ದೇನೆ.

ಸೋದರಮಾವನ ತೊಡೆಯ ಮೇಲೆ ಕೂರಿಸಬೇಕೆಂಬ ತಮ್ಮ ಆಸೆಯೂ ನೆರವೇರಲಿ. ಅಕ್ಕಸಾಲಿ ಬೇಡ, ಓಲೆ ಬೇಡ. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎಲ್ಲರಿಗೂ ಕೇಳಿಸುವಂತೆ ತಾವೇ ಕೇಳಿ: ಆ ದಿನ ಎಷ್ಟು ಸೀಟಿ ಬಂತವ್ವ? ಅವಳು ಬೆರಳೆತ್ತುತ್ತಾಳೆ. ಆಮೇಲೆ ಅವಳನ್ನು ಕೆಳಗಿಳಿಸದೆ, ಅವಳ ಮುಖ ನೋಡುತ್ತಾ, ಊರಿಗೆ ತಮ್ಮ ಉತ್ತರ ಕೊಡಿ.

ಎರಡೋ, ಮೂರೋ?

ಸುಮನಾ,
ಬಂಡೆದೊಡ್ಡಿಯ ಮತದಾರಳು